ಹೋಟೆಲ್ ಊಟದ ಕ್ಯಾಲೊರಿ ಲೆಕ್ಕ ಇಡೋದು ಹೇಗೆ? ಎಣ್ಣೆಯಿಂದ ಶುರು ಮಾಡಿ

ಮನೆಯಲ್ಲಿ ಎಲ್ಲವನ್ನೂ ತೂಕ ಹಾಕಿ ಆ್ಯಪ್‌ಗೆ ತುಂಬುತ್ತೀರಿ, ವಾರಕ್ಕೆ ಎರಡು ಮೂರು ಸಲ ಸಹೋದ್ಯೋಗಿಗಳ ಜೊತೆ ಹೋಟೆಲಿಗೆ ಹೋದಾಗ ಏನು ಬರೆಯಬೇಕೋ ತಿಳಿಯುವುದಿಲ್ಲ, ಆ ಊಟ ಖಾಲಿ ಬಿಡಲೇ ಅಂತ ಕೇಳಿದ್ದೀರಿ. ಖಾಲಿ ಮಾತ್ರ ಬಿಡಬೇಡಿ. ಬರೆಯದ ಊಟ ಲೆಕ್ಕದಲ್ಲಿ ಸೊನ್ನೆ, ವಾರದ ಕೊನೆಗೆ ನೋಡಿದರೆ ಆ ರಾತ್ರಿ ನೀವು ಉಪವಾಸವಿದ್ದ ಹಾಗೆ ಕಾಣುತ್ತದೆ. ನಿಮ್ಮ ಅಂದಾಜು 200 ಕ್ಯಾಲೊರಿ ಆಚೀಚೆ ಆದರೂ ಸೊನ್ನೆಗಿಂತ ಎಷ್ಟೋ ವಾಸಿ.

ನಾನೂ ಲೆಕ್ಕ ಇಟ್ಟುಕೊಂಡೇ ಹೊರಗೆ ತಿನ್ನುವವನು. ನನ್ನ ಪ್ರಕಾರ ಹೋಟೆಲ್ ಊಟದಲ್ಲಿ ನಿಜವಾಗಿ ಲೆಕ್ಕ ಹಾಕಬೇಕಾದ್ದು ಜಿಡ್ಡು. ಉಳಿದದ್ದೆಲ್ಲ ಕಣ್ಣಿಗೆ ಕಾಣುತ್ತದೆ. ಬೇಯಿಸಿದ ಅನ್ನ 100 ಗ್ರಾಂಗೆ ಸುಮಾರು 130 ಕ್ಯಾಲೊರಿ. ತಟ್ಟೆಯಲ್ಲಿದ್ದ 200 ಗ್ರಾಂ ಅನ್ನವನ್ನು ನೀವು 150 ಅಂದುಕೊಂಡರೂ ತಪ್ಪುವುದು 65 ಕ್ಯಾಲೊರಿ. ಎಣ್ಣೆ ಹಾಗಲ್ಲ. ಒಂದು ಟೇಬಲ್‌ಸ್ಪೂನ್, ಅಂದರೆ ಸುಮಾರು 14 ಗ್ರಾಂ, ಹತ್ತಿರಹತ್ತಿರ 120 ಕ್ಯಾಲೊರಿ; ಮುಂದೆ ಚಮಚ ಅಂದಾಗಲೆಲ್ಲ ಇದೇ ಅಳತೆ. ಪಿಷ್ಟ, ಪ್ರೋಟೀನ್ ಗ್ರಾಂಗೆ 4 ಕೊಟ್ಟರೆ ಕೊಬ್ಬು 9 ಕೊಡುತ್ತದೆ. ಅಡುಗೆಯವನು ರುಚಿಗೆಂದು ಎರಡು ಚಮಚ ಹೆಚ್ಚಿಗೆ ಸುರಿದರೆ ಪದಾರ್ಥದ ಗಾತ್ರ ಬದಲಾಗುವುದಿಲ್ಲ, ಲೆಕ್ಕ ಮಾತ್ರ 240 ಮೇಲೇರುತ್ತದೆ.

ಗ್ರೇವಿ ಬಂದಾಗ ಬಟ್ಟಲನ್ನು ಸ್ವಲ್ಪ ಓರೆ ಮಾಡಿ ನೋಡಿ. ಎಣ್ಣೆ ಅಂಚಿಗೆ ಹರಿದು ಪದರವಾಗಿ ನಿಂತರೆ ಒಬ್ಬರ ಪಾಲಿಗೆ ಎರಡು ಚಮಚ ಅಂತಲೇ ಹಿಡಿಯಿರಿ. ಅರ್ಧ ಗ್ರೇವಿ ಬಟ್ಟಲಲ್ಲೇ ಉಳಿದರೆ ಎಣ್ಣೆಯೂ ಅರ್ಧ ಉಳಿಯಿತು, ಅದನ್ನು ಕಳೆಯಬಹುದು. ಮೋಸ ಮಾಡುವುದು ಕ್ರೀಮ್, ಬೆಣ್ಣೆ, ಅರೆದ ಬೀಜ ಹಾಕಿದ ಗ್ರೇವಿ. ಅದರಲ್ಲಿ ಜಿಡ್ಡು ಮೇಲೆ ತೇಲುವುದೇ ಇಲ್ಲ, ಎಲ್ಲ ಒಳಗೇ ಬೆರೆತು ಸಾಧುವಾಗಿ ಕಾಣುತ್ತದೆ. ತೆಳ್ಳಗಿರಬೇಕಾದ ಸಾಸ್ ಮಂದವಾಗಿ, ನುಣ್ಣಗೆ ಬಂದರೆ ನಾನು ಎಣ್ಣೆ ತೇಲುವ ಗ್ರೇವಿಗಿಂತ ಜಾಸ್ತಿಯೇ ಬರೆಯುತ್ತೇನೆ. ಗ್ರಿಲ್ ಮಾಡಿದ್ದು ಅಂದ ಮಾತ್ರಕ್ಕೆ ಒಣಗಿದ್ದೂ ಅಲ್ಲ, ಒಣಗದಿರಲೆಂದೇ ಮೇಲೆ ಬೆಣ್ಣೆ ಸವರಿರುತ್ತಾರೆ. ಸಲಾಡ್ ಕಥೆಯೂ ಅಷ್ಟೇ: ಸೊಪ್ಪಿನಲ್ಲಿ ಏನೂ ಇಲ್ಲ, ಇರೋದೆಲ್ಲ ಡ್ರೆಸ್ಸಿಂಗ್‌ನಲ್ಲಿ. ಬೇರೆ ಬಟ್ಟಲಲ್ಲಿ ಕೊಡಿ ಅಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ಎಷ್ಟು ಹಾಕಿಕೊಂಡಿರಿ ಅನ್ನೋದೂ ಗೊತ್ತಾಗುತ್ತದೆ.

ಆ್ಯಪ್‌ನಲ್ಲಿ ಖಾದ್ಯದ ಹೆಸರು ಹುಡುಕಿದರೆ ಒಂದೇ ಹೆಸರಿಗೆ ಹತ್ತಾರು ನಮೂದು ಬರುತ್ತವೆ, ಎಷ್ಟೋ ಬಾರಿ ನಮ್ಮಂಥವರೇ ತುಂಬಿದ್ದು. 300 ಅಂತಲೂ ಇರುತ್ತದೆ, 700 ಅಂತಲೂ ಇರುತ್ತದೆ. ಬೆರಳು ತಾನಾಗಿ 300ರ ಕಡೆಗೇ ಹೋಗುತ್ತದೆ! ಅದಕ್ಕೇ ನಾನು ಹೆಸರು ಹುಡುಕುವುದಿಲ್ಲ, ಬಿಡಿಸಿ ಬರೆಯುತ್ತೇನೆ. ಮುಷ್ಟಿಯಷ್ಟು ಅನ್ನ ಅಂದರೆ ಸುಮಾರು ಒಂದು ಕಪ್, 200 ಕ್ಯಾಲೊರಿ. ಬೆರಳು ಬಿಟ್ಟು ಅಂಗೈಯಗಲದ ಮಾಂಸ ಅಂದರೆ 100 ಗ್ರಾಂ ಆಸುಪಾಸು. ಅದರ ಕೆಳಗೆ ಪ್ರತ್ಯೇಕ ಸಾಲಿನಲ್ಲಿ ಎಣ್ಣೆ, ಇಷ್ಟು ಚಮಚ. ಆ ಸಾಲು ಬೇರೆ ಇದ್ದರೆ ಆಮೇಲೆ ತಿದ್ದೋಕೆ ಸುಲಭ, ಯಾಕೆ ಅಂತ ಕೊನೆಗೆ ಹೇಳುತ್ತೇನೆ.

ಪಾನೀಯದಲ್ಲಿ ಊಹೆಗೆ ಜಾಗ ಕಡಿಮೆ. 330 ಎಂಎಲ್ ಸಕ್ಕರೆ ಸೋಡಾ 140ರ ಹತ್ತಿರ. ಮದ್ಯದ ಆಲ್ಕೋಹಾಲ್ ಗ್ರಾಂಗೆ 7.

ಮೆನುವಿನಲ್ಲೇ ಕ್ಯಾಲೊರಿ ಅಚ್ಚಾಗಿದ್ದರೆ ಅದನ್ನೇ ಬಳಸಿ, ಆದರೆ ಅದೂ ಅಂದಾಜೇ. 2011ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆ ಜಾಮಾದಲ್ಲಿ ಬಂದ ಅಧ್ಯಯನವೊಂದರಲ್ಲಿ ರೆಸ್ಟೋರೆಂಟುಗಳ 269 ತಿನಿಸುಗಳನ್ನು ಪ್ರಯೋಗಾಲಯದಲ್ಲಿ ಅಳೆದರು. ಒಟ್ಟಾರೆ ಲೆಕ್ಕ ಸರಿಯಿತ್ತು, ಆದರೂ ಶೇ 19ರಷ್ಟು ತಿನಿಸುಗಳಲ್ಲಿ ಹೇಳಿದ್ದಕ್ಕಿಂತ ಕನಿಷ್ಠ 100 ಕ್ಯಾಲೊರಿ ಜಾಸ್ತಿ ಸಿಕ್ಕಿತು. ರೆಸ್ಟೋರೆಂಟಿನವರಿಗೇ ಇಷ್ಟು ತಪ್ಪಿದಾಗ ನಾವು ಹತ್ತಿಪ್ಪತ್ತು ಕ್ಯಾಲೊರಿಗೆ ತಲೆ ಕೆಡಿಸಿಕೊಳ್ಳುವುದು ದಂಡ.

ಟೇಬಲ್ ಮುಂದೆ ಕೂತು ಫೋನ್ ಒತ್ತುತ್ತಾ ಇರಬೇಡಿ, ಜೊತೆಯಲ್ಲಿದ್ದವರಿಗೂ ಕಿರಿಕಿರಿ. ತಿನ್ನುವ ಮುಂಚೆ ಒಂದು ಫೋಟೊ ಸಾಕು, ಬರೆಯೋದು ಮನೆಗೆ ಬಂದ ಮೇಲೆ. ಹಂಚಿಕೊಂಡು ತಿನ್ನುವ ಪ್ಲೇಟಾದರೆ ನಿಮ್ಮ ಪಾಲನ್ನು ಒಂದೇ ಸಲ ತಟ್ಟೆಗೆ ಹಾಕಿಕೊಳ್ಳಿ. ಮಧ್ಯದ ಪ್ಲೇಟಿಗೆ ಆಗಾಗ ಕೈ ಹಾಕಿದರೆ ಎಷ್ಟು ಹೋಯಿತು ಅಂತ ಯಾವ ಆ್ಯಪೂ ಹೇಳಲಾರದು.

ಮರುದಿನ ಬೆಳಿಗ್ಗೆ ತೂಕ ಒಂದು ಕಿಲೋ ಏರಿದ್ದರೆ ಗಾಬರಿ ಬೇಡ. ಒಂದು ಕಿಲೋ ಮೈಕೊಬ್ಬು ಅಂದರೆ ಹೆಚ್ಚೂಕಡಿಮೆ 7,700 ಕ್ಯಾಲೊರಿ, ಒಂದೇ ಊಟದಲ್ಲಿ ಅಷ್ಟು ಹೆಚ್ಚಿಗೆ ತಿನ್ನೋಕಾಗಲ್ಲ. ಅದು ಉಪ್ಪು ಹಿಡಿದಿಟ್ಟ ನೀರು, ಇನ್ನೂ ಜೀರ್ಣವಾಗದ ಊಟ. ನೋಡಬೇಕಾದ್ದು ಮೂರು ನಾಲ್ಕು ವಾರದ ಸರಾಸರಿ ತೂಕ. ಲೆಕ್ಕದ ಪ್ರಕಾರ ಇಳಿಯಬೇಕಿದ್ದದ್ದು ಇಳಿಯದೆ ನಿಂತಿದ್ದರೆ ಮೊದಲು ಆ ಎಣ್ಣೆಯ ಸಾಲಿಗೆ ಹೋಗಿ, ಪ್ರತಿ ಹೋಟೆಲ್ ಊಟಕ್ಕೂ ಇನ್ನೊಂದು ಚಮಚ ಸೇರಿಸಿ.