ಮಲಗಿದ ಗೆರೆ

"ಮಗೂಗೆ ಹೊಡ್ದೆ ಮೇಡಂ."

ನನ್ನ ಆಪ್ತಸಲಹೆಯ ಕೋಣೆಯಲ್ಲಿ ಕುರ್ಚಿಯ ತುದಿಯಲ್ಲಿ ಕೂತು, ಬ್ಯಾಗನ್ನು ಮಡಿಲಿಂದ ಕೆಳಗಿಡದೆ ಅವರು ಹೇಳಿದ ಮೊದಲ ಮಾತು ಇದು. ಚಿಕ್ಕಮಗಳೂರಿನಿಂದ ಬಸ್ಸಿನಲ್ಲಿ ಒಂದು ಗಂಟೆ ದಾರಿಯ ಕಾಫಿ ಸೀಮೆಯ ಹಳ್ಳಿಯೊಂದರ ಅಂಗನವಾಡಿ ಕಾರ್ಯಕರ್ತೆ, ವಯಸ್ಸು ನಲವತ್ತು ದಾಟಿದೆ. ಊರವರೆಲ್ಲ ಕರೆಯುವಂತೆ ನಾನೂ ಟೀಚರ್ ಅಂತಲೇ ಬರೆಯುತ್ತೇನೆ. ಗುರುತು ಹತ್ತದಂತೆ ಕೆಲವು ವಿವರ ಬದಲಿಸಿದ್ದೇನೆ, ಬರೆಯಲು ಅವರ ಒಪ್ಪಿಗೆಯಿದೆ.

ನಡೆದದ್ದು ಇಷ್ಟು. ನಾಲ್ಕು ವರ್ಷದ ಹುಡುಗ ಹಾಲಿನ ಲೋಟ ಚೆಲ್ಲಿದ. ಟೀಚರ್ ಬೆನ್ನಿಗೆ ಎರಡೇಟು ಹಾಕಿದರು. ಹುಡುಗ ನಿಂತಲ್ಲೇ ಉಚ್ಚೆ ಹೊಯ್ದುಕೊಂಡ. ಮರುದಿನ ಇವರು ಬಾಗಿಲಿಗೆ ಬಂದದ್ದು ಕಂಡು ಅಕ್ಕಿ ಡ್ರಮ್ಮಿನ ಹಿಂದೆ ಅಡಗಿದ. "ಹತ್ತೊಂಬತ್ತು ವರ್ಷದ ಸರ್ವೀಸು. ಒಂದು ಮಗು ನನ್ನ ನೋಡಿ ಅಡಗಿದ್ದು ಇದೇ ಮೊದಲು."

ಸಮಾಧಾನ ಹೇಳುವ ಮೊದಲು ಕೇಳಲೇಬೇಕಾದದ್ದನ್ನು ಕೇಳಿದೆ. ಮಗುವಿಗೆ ಗಾಯವಾಯಿತೇ? ಹಿಂದೆ ಹೀಗಾಗಿತ್ತೇ? ಬೇರೆ ಮಕ್ಕಳ ಮೇಲೆ ಕೈ ಎತ್ತಿದ್ದುಂಟೇ? ಇಲ್ಲಿ ಆಡಿದ ಮಾತು ಹೊರಗೆ ಹೋಗುವುದಿಲ್ಲ, ಆದರೆ ಮಗುವಿಗೆ ಅಪಾಯವಿದೆ ಎಂದು ನನಗನ್ನಿಸಿದರೆ ನಾನು ಸುಮ್ಮನಿರುವ ಹಾಗಿಲ್ಲ ಎಂಬುದನ್ನೂ ಬಾಯಿಬಿಟ್ಟು ಹೇಳಿದೆ. ಅವರು ತಲೆಯಾಡಿಸಿದರು. ಗಾಯವಾಗಿರಲಿಲ್ಲ. ಹೊಡೆದದ್ದು ಒಮ್ಮೆಯೇ. ರೇಗುವುದು ಮಾತ್ರ ವರ್ಷದಿಂದ ಹೆಚ್ಚಾಗಿತ್ತು.

ಆ ದಿನ ಕೊಟ್ಟ ಸಲಹೆ ಎರಡೇ. ಒಂದು, ಹುಡುಗನ ತಾಯಿಗೆ ನೀವೇ ಹೋಗಿ ಹೇಳಿ, ಮೇಲ್ವಿಚಾರಕಿಗೂ ತಿಳಿಸಿ, ಬೇರೆಯವರ ಬಾಯಿಂದ ಹೋಗುವುದು ಬೇಡ. ಹುಡುಗನೆದುರು ನೆಲದ ಮೇಲೆ ಕೂತು "ನಂದು ತಪ್ಪು, ಹೊಡೀಬಾರದಿತ್ತು" ಅನ್ನಿ. ನಾಲ್ಕು ವರ್ಷದವನಿಗೆ ಅರ್ಥವಾಗುತ್ತದೆಯೇ ಎಂದರು. ಅದನ್ನು ನನಗಿಂತ ಚೆನ್ನಾಗಿ ಬಲ್ಲವರು ನೀವು ಎಂದೆ. ಎರಡು, ಕಿವಿ ಬಿಸಿಯಾಗತೊಡಗಿದೊಡನೆ ಸಹಾಯಕಿಗೆ ಒಂದು ಮಾತು ಹೇಳಿ ಹೊರಗೆ ನಲ್ಲಿಯ ಹತ್ತಿರ ಹೋಗಿ, ಮುಖ ತೊಳೆದು ಒಳಗೆ ಬನ್ನಿ. ಸಿಟ್ಟು ಬಂದ ಮೇಲಲ್ಲ, ಬರುವಾಗಲೇ.

ಇನ್ನು ನನ್ನ ಎಡವಟ್ಟಿನ ಕಥೆ.

ಮೊದಲ ಭೇಟಿಯಲ್ಲೇ ಒಂಬತ್ತು ಪ್ರಶ್ನೆಗಳ ಖಿನ್ನತೆಯ ಪಟ್ಟಿ ತುಂಬಿಸಿದ್ದೆ. ಆಪ್ತಸಲಹೆಯವರೆಲ್ಲರಿಗೂ ಗೊತ್ತಿರುವ ಪಿಎಚ್‌ಕ್ಯೂ-9 ಅದು. ಒಟ್ಟು 27ಕ್ಕೆ ಇವರದು 11. ಹತ್ತರಿಂದ ಹದಿನಾಲ್ಕು ಅಂದರೆ ಮಧ್ಯಮ ಮಟ್ಟ. ಮನೆಯ ಕಥೆಯೂ ಅದಕ್ಕೆ ಹೇಳಿ ಮಾಡಿಸಿದಂತಿತ್ತು: ಲಕ್ವ ಹೊಡೆದು ಮಲಗಿರುವ ಅತ್ತೆ, ಎಸ್ಟೇಟಿನ ಜೀಪು ಓಡಿಸುವ ಗಂಡ, ಹಾಸನದಲ್ಲಿ ಓದುತ್ತಿರುವ ಮಗಳ ಹಾಸ್ಟೆಲ್ ಫೀಸು. ಕೆಲಸದಲ್ಲಿ ಮಕ್ಕಳ ಹಾಜರಿ, ಗರ್ಭಿಣಿ ಬಾಣಂತಿಯರ ಊಟ, ಮೊಬೈಲಿನ ಪೋಷಣ್ ಟ್ರ್ಯಾಕರ್ ಎಂಬ ಸರ್ಕಾರಿ ಆ್ಯಪ್ ತುಂಬುವುದು. ಹಣ್ಣು ಕೊಯ್ಲಿನ ಕಾಲದಲ್ಲಿ ಲೈನ್ ಮನೆಗಳಿಗೆ ಅಸ್ಸಾಮಿನ ಕೂಲಿಯವರು ಬಂದರೆ ಕನ್ನಡದ ಗಂಧವಿಲ್ಲದ ಎಂಟು ಹತ್ತು ಮಕ್ಕಳು ಹೆಚ್ಚಿಗೆ. ಇಷ್ಟು ಹೊರೆ ಹೊತ್ತವರ ಮನಸ್ಸು ಕುಸಿಯದೆ ಇನ್ನೇನಾದೀತು ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ.

ರಾತ್ರಿ ಪಟ್ಟಿಯನ್ನು ಮತ್ತೆ ತೆಗೆದು ನೋಡಿದಾಗ ಕಂಡಿತು. ಸುಸ್ತಿಗೆ 3. ನಿದ್ದೆ, ಹಸಿವು, ಏಕಾಗ್ರತೆಗೆ ಎರಡೆರಡು. ತಾನು ಕೆಟ್ಟವಳು ಎಂಬ ಭಾವಕ್ಕೆ 2, ಅದು ಹೊಡೆದ ಪಶ್ಚಾತ್ತಾಪ. ಸಾಯುವ ಯೋಚನೆಗೆ ಸೊನ್ನೆ. ಮೊದಲ ಎರಡು ಪ್ರಶ್ನೆಗಳು, ಅಂದರೆ ಯಾವುದರಲ್ಲೂ ಆಸಕ್ತಿಯಿಲ್ಲವೇ, ಮನಸ್ಸು ಮಂಕಾಗಿದೆಯೇ ಎಂಬವು, ಅವಕ್ಕೂ ಸೊನ್ನೆ! ಖಿನ್ನತೆ ಎನ್ನಲು ಆ ಎರಡರಲ್ಲಿ ಒಂದಾದರೂ ಇರಬೇಕು. ನಾನು ಮೊತ್ತ ನೋಡಿದ್ದೆ, ಸಾಲುಗಳನ್ನು ನೋಡಿರಲಿಲ್ಲ.

ಎರಡನೇ ಭೇಟಿಯಲ್ಲಿ ಮನಸ್ಸಿನ ಮಾತು ಬದಿಗಿಟ್ಟು ದಿನಚರಿ ಕೇಳಿದೆ. ಬೆಳಗ್ಗೆ ಏನು ತಿಂತೀರಿ? "ತಿಂಡಿ ಎಲ್ಲಿ ಮೇಡಂ, ಎರಡು ಲೋಟ ಬೆಲ್ಲದ ಕಾಫಿ." ದಿನಕ್ಕೆ ಎಷ್ಟು ಲೋಟ? ಆರು, ಊಟದ ಜೊತೆಗೂ ಒಂದು. ಮಾತಿನ ನಡುವೆ ನಗುತ್ತ ಒಂದು ಸಂಗತಿ ಹೇಳಿದರು. ಮಕ್ಕಳ ಊಟಕ್ಕೆ ಅಕ್ಕಿ ಆರಿಸುವಾಗ ಹಸಿ ಅಕ್ಕಿಯನ್ನೇ ಬಾಯಿಗೆ ಹಾಕಿಕೊಳ್ಳುತ್ತಾರಂತೆ. ತಡೆಯಲು ಆಗುವುದೇ ಇಲ್ಲವಂತೆ. "ಟೀಚರ್ ಮದುವೇಲಿ ಮಳೆ ಬಂದಿರ್ಬೇಕು" ಎಂದು ಸಹಾಯಕಿ ಗೇಲಿ ಮಾಡುತ್ತಾಳಂತೆ.

ನನಗೆ ನಗು ಬರಲಿಲ್ಲ. ಹಸಿ ಅಕ್ಕಿ, ಮಣ್ಣು, ಸುಣ್ಣ ಇಂಥವನ್ನು ತಿನ್ನುವ ಚಪಲ ಕಬ್ಬಿಣದ ಅಂಶ ಇಳಿದಾಗ ಕಾಣಿಸಿಕೊಳ್ಳುವುದುಂಟು. ಮುಟ್ಟಿನ ಬಗ್ಗೆ ಕೇಳಿದೆ. ಒಂದೂವರೆ ವರ್ಷದಿಂದ ಎಂಟು ಒಂಬತ್ತು ದಿನ, ಮೈಯೆಲ್ಲ ಬಸಿದು ಹೋಗುವಷ್ಟು. "ಈ ವಯಸ್ಸಲ್ಲಿ ಎಲ್ಲರಿಗೂ ಹಂಗೇ ಅಲ್ವಾ?" ರಕ್ತ ಪರೀಕ್ಷೆ ಯಾವಾಗ ಮಾಡಿಸಿದ್ದು? ತುಂಬ ಹೊತ್ತು ಯೋಚಿಸಿ, "ಮಗಳು ಹೊಟ್ಟೇಲಿದ್ದಾಗ" ಎಂದರು. ಮಗಳಿಗೀಗ ಹತ್ತೊಂಬತ್ತು. ಊರಿನ ಗರ್ಭಿಣಿಯರಿಗೆಲ್ಲ ಕಬ್ಬಿಣದ ಮಾತ್ರೆ ನುಂಗಿದಿರಾ ಎಂದು ಮನೆ ಮನೆಗೆ ಹೋಗಿ ಕೇಳುವವರು ಇವರು.

ವೈದ್ಯರಿಗೆ ಚೀಟಿ ಬರೆದುಕೊಟ್ಟೆ. ಹಿಮೋಗ್ಲೋಬಿನ್ 8.2 ಬಂತು. ಗರ್ಭಿಣಿಯಲ್ಲದ ಹೆಂಗಸಿಗೆ 12 ಇರಬೇಕು. ಸ್ಕ್ಯಾನಿಂಗಿನಲ್ಲಿ ಗರ್ಭಕೋಶದಲ್ಲೊಂದು ಸಣ್ಣ ಗಡ್ಡೆ, ಕ್ಯಾನ್ಸರಿನದಲ್ಲ. ರಕ್ತಸ್ರಾವಕ್ಕೂ ರಕ್ತಹೀನತೆಗೂ ವೈದ್ಯರು ಮಾತ್ರೆ ಕೊಟ್ಟರು. ಔಷಧಿ ನನ್ನ ಕೆಲಸವಲ್ಲ. ಒಂದು ಮಾತು ಮಾತ್ರ ನಾನು ಸೇರಿಸಿದೆ, ಕಾಫಿ ಸೀಮೆಯಲ್ಲಿ ಕೂತು ಹೇಳುವುದು ಕಷ್ಟವೇ: ಊಟದ ಜೊತೆ, ಮಾತ್ರೆಯ ಹಿಂದೆ ಮುಂದೆ ಕಾಫಿ ಟೀ ಬೇಡ. ಮೈ ಕಬ್ಬಿಣ ಹೀರಿಕೊಳ್ಳುವುದನ್ನು ಅವು ತಡೆಯುತ್ತವೆ. ನಿಂಬೆಹಣ್ಣು, ನೆಲ್ಲಿಕಾಯಿ ಜೊತೆಗಿದ್ದರೆ ಒಳ್ಳೆಯದು.

ರಕ್ತ ಕಡಿಮೆಯಿದ್ದವರೆಲ್ಲ ಮಕ್ಕಳಿಗೆ ಹೊಡೆಯುತ್ತಾರೆ ಎಂದು ಯಾರೂ ಓದಿಕೊಳ್ಳಬಾರದು. ಟೀಚರ್ ಕೂಡ ಅದನ್ನು ನೆಪ ಮಾಡಿಕೊಳ್ಳಲಿಲ್ಲ. "ಮೈಯಲ್ಲಿ ರಕ್ತ ಇರಲಿಲ್ಲ ಸರಿ, ಕೈ ನಂದೇ ತಾನೇ?" ಎಂದರು.

ಕಷ್ಟವಾದದ್ದು ಮುಂದಿನ ಮಾತು. ಮಾತ್ರೆ ನುಂಗಿದರು, ತಿಂಡಿ ತಿನ್ನಲು ಒಪ್ಪಲಿಲ್ಲ. ಮನೆಯವರೆಲ್ಲ ತಿಂದು ಹೊರಡುವ ಮೊದಲು ತಾನು ಕೂತು ತಿನ್ನುವುದು ಅವರಿಗೆ ನಾಚಿಕೆಯ ವಿಷಯ. "ನಮ್ಮನ್ನ ನಾವು ನೋಡ್ಕೊಳ್ಳೋದು ಸ್ವಾರ್ಥ ಅಲ್ವಾ?" ಈ ಮಾತನ್ನು ಈ ಕೋಣೆಯಲ್ಲಿ ಎಷ್ಟು ಹೆಂಗಸರ ಬಾಯಲ್ಲಿ ಕೇಳಿದ್ದೇನೋ. ಆರೋಗ್ಯವೆಂದರೆ ದೇಹ, ಮನಸ್ಸು, ಸಮಾಜ ಮೂರರ ಸಂಪೂರ್ಣ ಕ್ಷೇಮ ಎಂದು ವಿಶ್ವ ಆರೋಗ್ಯ ಸಂಸ್ಥೆ 1948ರಿಂದ ಹೇಳಿಕೊಂಡು ಬಂದಿದೆ. ಆ "ಸಂಪೂರ್ಣ" ಎಂಬ ಪದದ ಮೇಲೆ ನನಗೆ ಮೊದಲಿಂದಲೂ ತಕರಾರು. ಆ ಲೆಕ್ಕದಲ್ಲಿ ನಮ್ಮ ತಾಲ್ಲೂಕಿನಲ್ಲಿ ಕ್ಷೇಮವಾಗಿರುವವರು ಒಬ್ಬರೂ ಸಿಗಲಾರರು. ಕ್ಷೇಮವನ್ನು ಆರು ಅರೆಗಳ ಚಕ್ರವಾಗಿ ಬರೆಸುವ ಹಾಳೆಯೂ ನನ್ನ ಡ್ರಾಯರಿನಲ್ಲಿದೆ, 1976ರಲ್ಲಿ ಅಮೆರಿಕದ ಬಿಲ್ ಹೆಟ್ಲರ್ ಹೇಳಿದ ಆರು ಮುಖಗಳದ್ದು. ಕೊಟ್ಟೆ. ಅವರು ಅದನ್ನು ಇಲಾಖೆಯ ಇನ್ನೊಂದು ಫಾರಂ ಎಂಬಂತೆ ನೋಡಿ, "ಇದನ್ನ ಯಾವತ್ತು ಸಬ್ಮಿಟ್ ಮಾಡ್ಬೇಕು?" ಎಂದರು. ವಾಪಸ್ ತಗೊಂಡೆ.

ಬದಲಿಗೆ, ಮಕ್ಕಳ ಬೆಳವಣಿಗೆ ಪಟ್ಟಿಯನ್ನು ನನಗೆ ಕಲಿಸಿಕೊಡಿ ಎಂದೆ. ಅಷ್ಟು ದಿನದಲ್ಲಿ ಮೊದಲ ಸಲ ಬ್ಯಾಗು ಕೆಳಗಿಟ್ಟರು. ಹಸಿರು ಪಟ್ಟೆಯಲ್ಲಿದ್ದರೆ ಸರಿ, ಹಳದಿಯಾದರೆ ತೂಕ ಕಡಿಮೆ, ಕಿತ್ತಳೆಯಾದರೆ ಬಹಳ ಕಡಿಮೆ. "ಆದ್ರೆ ಮೇಡಂ, ಬಣ್ಣಕ್ಕಿಂತ ಗೆರೆ ನೋಡ್ಬೇಕು. ಹಳದೀಲಿದ್ರೂ ಗೆರೆ ಮೇಲೆ ಹೋಗ್ತಿದ್ರೆ ಸಮಾಧಾನ ಇರುತ್ತೆ. ಹಸಿರಲ್ಲಿದ್ದೂ ಎರಡು ಮೂರು ತಿಂಗಳು ಗೆರೆ ಮಲಗಿಬಿಟ್ರೆ ಮನೆಗೆ ಹೋಗಿ ವಿಚಾರಿಸ್ಲೇಬೇಕು, ಮಗು ಬೆಳೀತಿಲ್ಲ ಅಂತ."

ನಿಮ್ಮ ಗೆರೆ ಯಾವಾಗ ಮಲಗಿತು ಎಂದು ಕೇಳಿದೆ.

ಅವರು ಹೇಳಿದ್ದು ಆರೋಗ್ಯದ ಮಾತಲ್ಲ. ಒಂದು ನೋಟ್‌ಬುಕ್ಕಿನ ಮಾತು. ಮಕ್ಕಳಿಗಾಗಿ ತಾವೇ ಹಾಡು ಕಟ್ಟುತ್ತಿದ್ದರಂತೆ, ಏಡಿಯ ಹಾಡು, ಹಲಸಿನಹಣ್ಣಿನ ಹಾಡು, ಮಳೆಗಾಲದ ಜಿಗಣೆಯ ಹಾಡು. ಎರಡು ವರ್ಷದಿಂದ ಒಂದೂ ಬಂದಿಲ್ಲ. ಹಳೆಯ ಹಾಡುಗಳನ್ನೇ ಬಾಯಿಪಾಠ ಒಪ್ಪಿಸಿದಂತೆ ಹೇಳಿಸುತ್ತಿದ್ದರು. ಮನುಷ್ಯನ ಬೆಳವಣಿಗೆ ಮುಪ್ಪಿನವರೆಗೆ ಎಂಟು ಹಂತಗಳಲ್ಲಿ ಸಾಗುತ್ತದೆ ಎಂದ ಮನೋವಿಜ್ಞಾನಿ ಎರಿಕ್ ಎರಿಕ್ಸನ್ ಏಳನೆಯದನ್ನು ನಡುವಯಸ್ಸಿಗೆ ಇಟ್ಟಿದ್ದಾನೆ. ಮುಂದಿನವರನ್ನು ಬೆಳೆಸುತ್ತ ತಾನೂ ಬೆಳೆಯುವುದು ಒಂದು ಕಡೆ, ನಿಂತ ನೀರಾಗುವುದು ಇನ್ನೊಂದು ಕಡೆ. ಕಾಲೇಜಿನಲ್ಲಿ ಪರೀಕ್ಷೆಗೆಂದು ಓದಿದ್ದ ಆ ಪಾಠ ಏಡಿಯ ಹಾಡಿನಿಂದ ನನಗೆ ಅರ್ಥವಾಯಿತು.

ಆ ಮೇಲೆ ಅವರದೇ ಪಟ್ಟಿ ಒಂದು ಮಾಡಿದೆವು. ಮಗಳ ಹಳೆಯ ಗ್ರಾಫ್ ಹಾಳೆ, ಮೂರು ಬಣ್ಣದ ಪೆನ್ಸಿಲ್. ತೂಗುವುದು ನಾಲ್ಕನ್ನೇ: ಬೆಳಗ್ಗೆ ಕೂತು ತಿಂದ ದಿನಗಳು, ಆರು ಗಂಟೆಗಿಂತ ಹೆಚ್ಚು ಮಲಗಿದ ರಾತ್ರಿಗಳು, ಅತ್ತೆಯನ್ನು ಬೇರೆಯವರು ನೋಡಿಕೊಂಡ ಸಂಜೆಗಳು, ಹೊಸದಾಗಿ ಕಲಿತದ್ದು ಏನಾದರೂ. ಮೂರನೆಯದಕ್ಕೆ ಗಂಡನನ್ನು ಒಮ್ಮೆ ಕರೆಸಬೇಕಾಯಿತು. ವಾರಕ್ಕೆ ಎರಡು ಸಂಜೆ ತಾಯಿಯ ಚಾಕರಿ ತನ್ನದು ಎಂದು ಆತ ಒಪ್ಪಿದರು, ಸಲೀಸಾಗಿ ಅಲ್ಲ. ರಾತ್ರಿ ಹೊತ್ತು ಮನಸ್ಸು ತಡೆಯದಾದರೆ ಎಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಹಾಳೆಯ ಹಿಂದೆ ಬರೆದುಕೊಟ್ಟೆ. ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಟೀಚರ್ ತಿಂಡಿ ತಿಂದರೆ ಎಲ್ಲ ಸರಿಹೋಯಿತು ಎಂದು ನಾನು ಹೇಳುತ್ತಿಲ್ಲ. ಅವರ ಕೈಗೆ ಬರುವುದಕ್ಕೆ ಸಂಬಳ ಎಂಬ ಹೆಸರೂ ಇಲ್ಲ, ಗೌರವಧನ ಅನ್ನುತ್ತಾರೆ. ಕೊಯ್ಲಿನ ಕಾಲಕ್ಕೆ ಮಕ್ಕಳು ಹೆಚ್ಚಿದರೂ ಕೈ ಹೆಚ್ಚುವುದಿಲ್ಲ. ಅದನ್ನೆಲ್ಲ ಬಿಟ್ಟು ದಿನಾ ಪ್ರಾಣಾಯಾಮ ಮಾಡಿ ಎನ್ನುವ ಸಲಹೆ ನನ್ನ ಬಾಯಿಂದ ಬರಲಿಲ್ಲ. ಕೆಲಸ ಹಂಚಿಕೊಳ್ಳುವ ಬಗ್ಗೆ ಮೇಲ್ವಿಚಾರಕಿಗೆ ಕೊಡಲು ಒಂದು ಅರ್ಜಿ ಬರೆಯಲು ಜೊತೆಗೆ ಕೂತೆ. ಅದಕ್ಕೆ ಉತ್ತರ ಇನ್ನೂ ಬಂದಿಲ್ಲ.

ಆರು ವಾರಕ್ಕೆ ಹಿಮೋಗ್ಲೋಬಿನ್ 10.4. ಪ್ರಶ್ನೆಪಟ್ಟಿಯ ಮೊತ್ತ 4. ಹಸಿ ಅಕ್ಕಿಯ ಚಪಲ ಅದಕ್ಕೂ ಮೊದಲೇ ಹೋಗಿತ್ತು. ಹುಡುಗ ಮೂರು ವಾರ ದೂರವೇ ಇದ್ದು, ಆಮೇಲೊಂದು ದಿನ ಚಪ್ಪಲಿ ಹಾಕಿಸಿಕೊಳ್ಳಲು ಬಂದು ಕಾಲು ಚಾಚಿದನಂತೆ.

ಜನವರಿಯಲ್ಲಿ ಬಂದಾಗ ಪಟ್ಟಿ ತಂದಿದ್ದರು. ಕಲಿತದ್ದರ ಸಾಲಿನಲ್ಲಿ ಅಸ್ಸಾಮಿನ ಮಕ್ಕಳ ಮಾತು: ಪಾನಿ, ಭಾತ್. ಅವೆರಡನ್ನೂ ಕನ್ನಡದ ನೀರು, ಅನ್ನದ ಜೊತೆ ಸೇರಿಸಿ ನಾಲ್ಕು ಸಾಲಿನ ಹಾಡು ಕಟ್ಟಿದ್ದರು. ರಾಗ ಸಹಿತ ಹಾಡಿಯೂ ತೋರಿಸಿದರು, ಆಚೆ ಕೋಣೆಯವರು ಇಣುಕಿ ನೋಡುವಷ್ಟು ಜೋರಾಗಿ. ತಿಂಡಿಯ ಸಾಲು ಮಾತ್ರ ಹಳದಿ.

"ಕೊಯ್ಲಿನ ಟೈಮು ಮೇಡಂ, ಎಲ್ಲಿ ಆಗುತ್ತೆ."

"ಮಗು ಹಳದಿಗೆ ಬಂದ್ರೆ ಬೈತೀರಾ?"

"ಬೈಯೋದೇನು, ಮುಂದಿನ ತಿಂಗಳು ಮತ್ತೆ ತೂಗ್ತೀವಿ," ಎಂದು ಹಾಳೆ ಮಡಚಿ ಬ್ಯಾಗಿಗೆ ಹಾಕಿಕೊಂಡು, ಮೂರೂವರೆ ಬಸ್ಸು ತಪ್ಪುತ್ತದೆಂದು ಎದ್ದರು.