45ಕ್ಕೆ 30 ಕೂಡಿಸಿದರೆ 4530 ಬರುವುದೇಕೆ?

ಪ್ರಶ್ನೆ: ನಮ್ಮದು ಬದಿಯಡ್ಕದ ಹತ್ತಿರ ಸಣ್ಣ ಅಡಿಕೆ ಅಂಗಡಿ. ಅಪ್ಪನ ಲೆಕ್ಕಕ್ಕೆಂದು ಜಾವಾಸ್ಕ್ರಿಪ್ಟ್‌ನಲ್ಲಿ ಒಂದು ವೆಬ್ ಪುಟ ಮಾಡಿದ್ದೇನೆ. ಚಾಲಿ ಅಡಿಕೆ 45 ಕಿಲೋ, ಪಟೋರ ಅಡಿಕೆ 30 ಕಿಲೋ ಅಂತ ಹಾಕಿದರೆ ಒಟ್ಟು 4530 ತೋರಿಸುತ್ತದೆ. ಆದರೆ ಗೋಣಿಯ ತೂಕ ಕಳೆಯುವಾಗ ಉತ್ತರ ಸರಿಯಾಗಿಯೇ ಬರುತ್ತದೆ. ಅಪ್ಪ ಕನ್ನಡ ಅಂಕೆಯಲ್ಲಿ ಬರೆದರಂತೂ ಬರೀ 'ನ್ಯಾನ್' ಅಂತ ಬರುತ್ತದೆ. ಎಲ್ಲಿ ತಪ್ಪಿದ್ದೇನೆ ಸರ್?

ಉತ್ತರ: ಪುಟದ ಚೌಕದಲ್ಲಿ ಏನೇ ಟೈಪ್ ಮಾಡಿದರೂ ನಿಮ್ಮ ಕೈಗೆ ಬರುವುದು ಅಕ್ಷರಗಳ ಸಾಲು, ಅಂದರೆ ಸ್ಟ್ರಿಂಗ್. ಚೌಕಕ್ಕೆ 'ನಂಬರ್' ಎಂಬ ಟೈಪ್ ಕೊಟ್ಟಿದ್ದರೂ ಅಷ್ಟೇ. ಅದರ ವ್ಯಾಲ್ಯೂ ಕೇಳಿದರೆ ಸಿಗುವುದು ಸ್ಟ್ರಿಂಗೇ. ಅನುಮಾನವಿದ್ದರೆ, ಯಾವ ಬಗೆ ಎಂದು ಹೇಳುವ ಟೈಪ್‌ಆಫ್ ಹಾಕಿ ನೋಡಿ.

ಜಾವಾಸ್ಕ್ರಿಪ್ಟ್‌ನಲ್ಲಿ + ಚಿಹ್ನೆಗೆ ಎರಡು ಕೆಲಸ. ಎರಡೂ ಕಡೆ ಸಂಖ್ಯೆ ಇದ್ದರೆ ಕೂಡಿಸುತ್ತದೆ. ಒಂದು ಕಡೆ ಸ್ಟ್ರಿಂಗ್ ಇದ್ದರೂ ಸಾಕು, ಒಂದರ ಬಾಲಕ್ಕೆ ಇನ್ನೊಂದನ್ನು ಅಂಟಿಸುತ್ತದೆ. ಹಾಗಾಗಿಯೇ 4530. ಕಳೆಯುವ ಚಿಹ್ನೆಗೆ ಅಂಟಿಸುವ ಕೆಲಸ ಇಲ್ಲ. ಅದು ತಾನಾಗಿಯೇ ಸ್ಟ್ರಿಂಗನ್ನು ಸಂಖ್ಯೆ ಮಾಡಿಕೊಂಡು ಕಳೆಯುತ್ತದೆ. ಪಿಎಚ್‌ಪಿ ಎಂಬ ಇನ್ನೊಂದು ಪ್ರೋಗ್ರಾಂ ಭಾಷೆಯಲ್ಲಿ ಈ ಗೊಂದಲ ಇಲ್ಲ, ಅಲ್ಲಿ ಅಂಟಿಸಲು ಚುಕ್ಕೆಯೇ ಬೇರೆ ಇದೆ.

ಚೌಕದಿಂದ ತೂಕ ಓದಿದ ಸಾಲಿನಲ್ಲೇ ಅದನ್ನು, ಸ್ಟ್ರಿಂಗನ್ನು ಸಂಖ್ಯೆ ಮಾಡುವ ನಂಬರ್() ಒಳಗೆ ಹಾಕಿಬಿಡಿ. ಆಮೇಲೆ ಮಾಡಿದರಾಯ್ತು ಅಂತ ಬಿಟ್ಟರೆ ಎಲ್ಲೋ ಒಂದು ಕಡೆ ಮರೆತುಹೋಗುತ್ತದೆ. ಅದೇ ಕೆಲಸಕ್ಕೆ ಪಾರ್ಸ್‌ಫ್ಲೋಟ್ ಕೂಡ ಇದೆಯಲ್ಲ ಅಂತ ನೀವು ಕೇಳಬಹುದು. ಅದು '45 ಕಿಲೋ' ಎಂದು ಬರೆದರೂ 45 ತೆಗೆದುಕೊಡುತ್ತದೆ, ನಿಜ. ಆದರೆ ಕ್ವಿಂಟಲಿನ ದರ '42,500' ಅಂತ ಅಲ್ಪವಿರಾಮ ಹಾಕಿ ಬರೆದು ನೋಡಿ. ಅಲ್ಪವಿರಾಮ ಕಂಡಲ್ಲಿಗೆ ನಿಂತು 42 ಕೊಡುತ್ತದೆ, ಒಂದು ಮಾತೂ ಹೇಳದೆ! ಅಂಗಡಿ ಲೆಕ್ಕದಲ್ಲಿ ಇದು ತುಂಬ ಅಪಾಯ. ನಂಬರ್() ಆದರೆ ಅಲ್ಲಿ ನ್ಯಾನ್, ಅಂದರೆ 'ಸಂಖ್ಯೆ ಅಲ್ಲ' ಎಂದು ಕೊಡುತ್ತದೆ, ತಪ್ಪು ಕೂಡಲೇ ಗೊತ್ತಾಗುತ್ತದೆ. ನಾನು ಅದನ್ನೇ ಬಳಸುತ್ತೇನೆ. ಅಲ್ಪವಿರಾಮವನ್ನು ಮೊದಲೇ, ಒಂದರ ಜಾಗದಲ್ಲಿ ಇನ್ನೊಂದನ್ನು ಇಡುವ ರಿಪ್ಲೇಸ್‌ನಿಂದ ತೆಗೆದುಹಾಕಿ. ಒಂದು ಎಚ್ಚರ ಮಾತ್ರ ಬೇಕು. ಚೌಕ ಖಾಲಿ ಬಿಟ್ಟರೆ ನಂಬರ್() ಅದನ್ನು 0 ಅಂತ ಓದುತ್ತದೆ. ಖಾಲಿ ಇದೆಯೇ ಎಂದು ಮೊದಲು ನೋಡಿ.

ಇನ್ನು ಕನ್ನಡ ಅಂಕೆ. ದಯವಿಟ್ಟು ಅಪ್ಪನಿಗೆ ಇಂಗ್ಲಿಷ್ ಅಂಕೆ ಹಾಕಿ ಅಂತ ಹೇಳಬೇಡಿ. ಕಾಸರಗೋಡಿನ ಒಂದು ಅಂಗಡಿಯಲ್ಲಿ ಇಂದಿಗೂ ಕನ್ನಡ ಅಂಕೆಯಲ್ಲಿ ಲೆಕ್ಕ ನಡೆಯುತ್ತಿದೆ ಎನ್ನುವುದೇ ನನಗೆ ಖುಷಿ. ನಂಬರ್() ಗೆ 0 ಇಂದ 9 ಮಾತ್ರ ಗೊತ್ತು, ೪೫ ಅದಕ್ಕೆ ಬರೀ ಅಕ್ಷರ. ಅದಕ್ಕೇ ನ್ಯಾನ್. ದಾರಿ ಸುಲಭ ಇದೆ. ಯೂನಿಕೋಡ್‌ನಲ್ಲಿ, ಅಂದರೆ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಪಟ್ಟಿಯಲ್ಲಿ, ೦ ಯ ಸ್ಥಾನ 3302. ಅಲ್ಲಿಂದ ೯ ರವರೆಗೆ ಸಾಲಾಗಿ 3311. ೪ ರದ್ದು 3306. ಅದರಲ್ಲಿ 3302 ಕಳೆಯಿರಿ, 4 ಸಿಕ್ಕಿತಲ್ವಾ? ರಿಪ್ಲೇಸ್‌ಗೆ [೦-೯] ಎಂಬ ಮಾದರಿ ಕೊಟ್ಟು, ಎಲ್ಲ ಅಂಕೆಗಳೂ ಬದಲಾಗಲು ಕೊನೆಗೆ ಜಿ (g) ಸೇರಿಸಿ, ಸಿಕ್ಕ ಪ್ರತಿ ಅಂಕೆಯ ಸ್ಥಾನ ಹೇಳುವ ಚಾರ್‌ಕೋಡ್‌ಆಟ್‌ನಿಂದ 3302 ಕಳೆದು ಅದರ ಜಾಗದಲ್ಲಿ ಇಡಿ. ಆಮೇಲೆ ನಂಬರ್(). ಮಾದರಿಗೆ 'ಯಾವುದೇ ಅಂಕೆ' ಎಂಬ ಅರ್ಥದ \ಡಿ (\d) ಬಳಸಬೇಡಿ, ಜಾವಾಸ್ಕ್ರಿಪ್ಟ್‌ನ \ಡಿ ಕನ್ನಡ ಅಂಕೆಯನ್ನು ಹಿಡಿಯುವುದಿಲ್ಲ.

ಉತ್ತರ ನ್ಯಾನ್ ಆಗಿದೆಯೇ ಎಂದು === ಹಾಕಿ ನೋಡಿದರೆ ಯಾವತ್ತೂ ಇಲ್ಲ ಅಂತಲೇ ಬರುತ್ತದೆ. ನ್ಯಾನ್ ತನಗೆ ತಾನೇ ಸಮನಲ್ಲ. ನಂಬರ್.ಈಸ್‌ನ್ಯಾನ್() ಬಳಸಿ.

ಗಿರಾಕಿಗಳ ಫೋನ್ ನಂಬರಿಗೂ ಚೌಕ ಇದ್ದರೆ ಅದನ್ನು ಸ್ಟ್ರಿಂಗ್ ಆಗಿಯೇ ಬಿಡಿ. ಅದನ್ನು ಯಾರೂ ಕೂಡಿಸುವುದಿಲ್ಲ. ಸಂಖ್ಯೆ ಮಾಡಿದರೆ ಕಾಸರಗೋಡಿನ ಎಸ್‌ಟಿಡಿ ಕೋಡ್ 04994 ಸುಮ್ನೆ 4994 ಆಗಿಬಿಡುತ್ತದೆ.