ಕಡ್ಡಿ, ಸೂಜಿ, ಪ್ರಯಾಣದ ಚೀಲ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಹೆಣಿಗೆ ಮತ್ತು ಕೌದಿ ಬಗ್ಗೆಯೇ ಇದ್ದವು. ಅದರಲ್ಲೂ ಊರಿಗೆ ಹೊರಟಾಗ ಈ ಕೆಲಸವನ್ನು ಜೊತೆಗೆ ಒಯ್ಯೋದು ಹೇಗೆ ಅಂತ ತುಂಬಾ ಜನ ಕೇಳಿದ್ದೀರಿ. ಹಾಗಾಗಿ ಇಡೀ ಅಂಕಣ ಇದಕ್ಕೇ ಮೀಸಲು.

ಪ್ರಶ್ನೆ: ಅಕ್ಕಾ, ನಾನು ಹೆಣಿಗೆ ಕಲಿತು ಎರಡು ವರ್ಷ ಆಯ್ತು. ಮನೆಯಲ್ಲಿ ಕೂತರೆ ಚೆನ್ನಾಗಿಯೇ ಬರುತ್ತೆ. ಹೋದ ತಿಂಗಳು ದೂರದ ರೈಲು ಪ್ರಯಾಣ ಇತ್ತು, ಲೇಸ್ ಶಾಲು ಚೀಲಕ್ಕೆ ಹಾಕಿಕೊಂಡೆ. ಪಕ್ಕದವರು ಮಾತಾಡಿಸಿದರು, ಲೆಕ್ಕ ತಪ್ಪಿತು, ಕೊನೆಗೆ 20 ಸಾಲು ಬಿಚ್ಚಿದೆ. ಪ್ರಯಾಣಕ್ಕೆ ಏನು ಒಯ್ಯಬೇಕು?

ನಿಮ್ಮ ಕೈ ಚೆನ್ನಾಗಿಯೇ ಇದೆ, ಆ ಶಾಲು ರೈಲಿಗೆ ಹೊಂದುವಂಥದ್ದಾಗಿರಲಿಲ್ಲ ಅಷ್ಟೇ. ನನಗೂ ಹೀಗೇ ಆಗಿತ್ತು. ರಾತ್ರಿ ರೈಲಿನ ಮಂದ ಬೆಳಕಲ್ಲಿ ಕಡು ನೀಲಿ ದಾರ ಹಿಡಿದು ಕೂತಿದ್ದೆ, ಒಂದು ಸ್ಟಿಚ್ ಕಡ್ಡಿಯಿಂದ ಜಾರಿದ್ದು ಗೊತ್ತೇ ಆಗಲಿಲ್ಲ, ಬೆಳಿಗ್ಗೆ ಎದ್ದು ನೋಡಿದರೆ ಆರು ಸಾಲು ಕೆಳಗಿನವರೆಗೂ ಏಣಿ ಥರ ಬಿಚ್ಚಿಕೊಂಡಿತ್ತು. ಅವತ್ತು ತುಂಬಾ ಬೇಜಾರಾಗಿತ್ತು.

ಅದಾದ ಮೇಲೆ ಎಲ್ಲ ಕೆಲಸವನ್ನೂ ಎರಡು ಪಾಲು ಮಾಡೋದು ಕಲಿತೆ. ಒಂದು ತಲೆಯ ಕೆಲಸ. ಅಳತೆ ಹಾಕೋದು, ಸ್ಟಿಚ್ ಎಣಿಸೋದು, ವಿನ್ಯಾಸದ ಚಾರ್ಟ್ ಓದೋದು, ಬಟ್ಟೆ ಕತ್ತರಿಸೋದು, ಬಣ್ಣ ಜೋಡಿಸೋದು ಎಲ್ಲ ಇದರಲ್ಲಿ ಬರುತ್ತೆ. ಇನ್ನೊಂದು ಕೈಯ ಕೆಲಸ. ಅಂದರೆ ಕಣ್ಣು ಕಿಟಕಿ ಕಡೆ ಇದ್ದರೂ, ಬಾಯಿ ಮಾತಾಡ್ತಾ ಇದ್ದರೂ ಬೆರಳು ತಾನಾಗಿ ಮುಂದೆ ಹೋಗುವಂಥದ್ದು. ತಲೆಯ ಕೆಲಸ ಮನೆಯಲ್ಲಿ ಮುಗಿಸಿ, ಕೈಯ ಕೆಲಸ ಮಾತ್ರ ಚೀಲಕ್ಕೆ ಹಾಕಿ. ಇಷ್ಟು ಮಾಡಿದರೆ ಪ್ರಯಾಣದ ಹೆಣಿಗೆ ಬೇರೆಯದೇ ಖುಷಿ ಕೊಡುತ್ತೆ.

ನನ್ನ ಕೇಳಿದರೆ ಪ್ರಯಾಣಕ್ಕೆ ಕಾಲುಚೀಲದಷ್ಟು ಒಳ್ಳೆ ಕೆಲಸ ಇನ್ನೊಂದಿಲ್ಲ. ತೆಳು ದಾರದ 100 ಗ್ರಾಂ ಉಂಡೆಯಲ್ಲಿ ಸುಮಾರು 400 ಮೀಟರ್ ಇರುತ್ತೆ, ದೊಡ್ಡವರ ಒಂದು ಜೊತೆಗೆ ಸಾಮಾನ್ಯವಾಗಿ ಅಷ್ಟು ಸಾಕು. 2.5 ಮಿ.ಮೀ. ಕಡ್ಡಿ, 60 ರಿಂದ 64 ಸ್ಟಿಚ್. ಮನೆಯಲ್ಲೇ ಸ್ಟಿಚ್ ಹಾಕಿ ಮೇಲಿನ ಪಟ್ಟಿ ಮುಗಿಸಿ, ಕಾಲಿನ ಸುತ್ತು ಶುರು ಮಾಡಿ ಇಟ್ಟುಕೊಳ್ಳಿ. ಅಲ್ಲಿಂದ ಹಿಮ್ಮಡಿವರೆಗೆ ಬರೀ ನಿಟ್ ಅನ್ನೋ ಸಾದಾ ಸ್ಟಿಚ್, ಸುತ್ತಿನ ಮೇಲೆ ಸುತ್ತು, ಎಣಿಸುವ ಹಂಗಿಲ್ಲ. ಹಿಮ್ಮಡಿ ಬಂತೋ, ಅಲ್ಲಿಗೆ ನಿಲ್ಲಿಸಿ ಎರಡನೇ ಕಾಲುಚೀಲ ಹಿಡಿಯಿರಿ. ಹಿಮ್ಮಡಿ ತಿರುಗಿಸೋದು ತಲೆಯ ಕೆಲಸ, ಮನೆಗೆ ಬಂದ ಮೇಲೆ ನೋಡಿಕೊಳ್ಳೋಣ.

ಕಡ್ಡಿ ವಿಷಯ. ಉದ್ದದ ಜೋಡಿ ಕಡ್ಡಿ ಮನೆಗೆ ಇರಲಿ. ಇಕ್ಕಟ್ಟಿನ ಸೀಟಿನಲ್ಲಿ ಅದರ ತುದಿ ಪಕ್ಕದವರ ಮೊಣಕೈಗೆ ತಾಗುತ್ತೆ. ಒಂದು ಕಡ್ಡಿ ಕೆಳಗೆ ಬಿದ್ದು ಸೀಟಿನಡಿ ಉರುಳಿ ಹೋದರೆ ಮುಂದಿನ ನಿಲ್ದಾಣದವರೆಗೆ ಸುಮ್ನೆ ಕೂರಬೇಕು. ಎರಡು ಕಡ್ಡಿಗಳ ನಡುವೆ ಕೇಬಲ್ ಇರುವ ವೃತ್ತಾಕಾರದ ಕಡ್ಡಿ ತೆಗೆದುಕೊಳ್ಳಿ. ಕೇಬಲ್ ಬಾಗುವಂತಿದ್ದರೆ, ತುದಿಯಿಂದ ತುದಿಗೆ 80 ಅಥವಾ 100 ಸೆಂ.ಮೀ. ಇರುವ ಒಂದೇ ಕಡ್ಡಿಯಲ್ಲಿ ಕಾಲುಚೀಲದಂಥ ಸಣ್ಣ ಸುತ್ತನ್ನೂ ಹೆಣೆಯಬಹುದು, ಇದನ್ನು ಮ್ಯಾಜಿಕ್ ಲೂಪ್ ಅಂತಾರೆ. ಇಳಿಯುವ ಹೊತ್ತಿಗೆ ಎಲ್ಲ ಸ್ಟಿಚ್ ಕೇಬಲ್ ಮೇಲಕ್ಕೆ ತಳ್ಳಿ ಚೀಲಕ್ಕೆ ಹಾಕಿದರಾಯಿತು, ಒಂದೂ ಜಾರುವುದಿಲ್ಲ.

ದಾರ ತಿಳಿ ಬಣ್ಣದ್ದಿರಲಿ, ಕತ್ತಲಲ್ಲೂ ಕಣ್ಣಿಗೆ ಬೀಳುತ್ತೆ. ಜಿಪ್ ಚೀಲಕ್ಕಿಂತ ಬಾಯಿಗೆ ಲಾಡಿ ಎಳೆದು ಮುಚ್ಚುವ ಬಟ್ಟೆ ಚೀಲ ವಾಸಿ, ಜಿಪ್‌ನ ಹಲ್ಲಿಗೆ ದಾರ ಸಿಕ್ಕಿದರೆ ಬಿಡಿಸೋಕಾಗಲ್ಲ.

ಇಷ್ಟಾದರೂ ಲೇಸ್ ಶಾಲನ್ನೇ ಒಯ್ಯಬೇಕು ಅಂತ ಮನಸ್ಸಿದ್ದರೆ ಒಂದು ಉಪಾಯ ಇದೆ. ಲೆಕ್ಕ ಸರಿ ಇದೆ ಅಂತ ಖಾತ್ರಿ ಆದ ಸಾಲಿನಲ್ಲಿ ನಿಲ್ಲಿಸಿ. ಮೊಂಡು ಸೂಜಿಗೆ ಬೇರೆ ಬಣ್ಣದ ನುಣುಪಾದ ದಾರ ಪೋಣಿಸಿ, ಕಡ್ಡಿ ಮೇಲಿರುವ ಪ್ರತಿ ಸ್ಟಿಚ್‌ನ ಒಳಗಿಂದ ಎಳೆದು ಹಾಗೇ ಬಿಟ್ಟುಬಿಡಿ. ಗುರುತಿಗೆ ಹಾಕಿದ ಉಂಗುರಗಳ ಒಳಗೆ ಮಾತ್ರ ಹೋಗಬಾರದು. ಮುಂದೆ ಏನೇ ಎಡವಟ್ಟಾದರೂ ಬಿಚ್ಚಿಕೊಳ್ಳೋದು ಆ ದಾರದವರೆಗೆ ಮಾತ್ರ. ಇದಕ್ಕೆ ಲೈಫ್‌ಲೈನ್ ಅಂತ ಹೆಸರು. 10 ಸಾಲಿಗೊಂದು ಹಾಕಿದ್ದರೆ ನಿಮ್ಮ 20 ಸಾಲಲ್ಲಿ ಅರ್ಧವಾದರೂ ಉಳಿಯುತ್ತಿತ್ತು.

ಪ್ರಶ್ನೆ: ವಿಮಾನದಲ್ಲಿ ಹೆಣಿಗೆ ಕಡ್ಡಿ ಬಿಡ್ತಾರಾ?

ಒಂದೊಂದು ದೇಶದ ನಿಯಮ ಒಂದೊಂದು ಥರ, ವಿಮಾನ ಸಂಸ್ಥೆಯದು ಬೇರೆ. ಹೊರಡುವ ಮುಂಚೆ ಎರಡನ್ನೂ ನೋಡಿಕೊಳ್ಳಿ, ವಾಪಸ್ ಬರುವ ದೇಶದ್ದನ್ನೂ ಮರೆಯಬೇಡಿ. ಅಮೆರಿಕದಲ್ಲಿ ಕಡ್ಡಿ ಕೈಚೀಲದಲ್ಲಿ ಒಯ್ಯಬಹುದು. ಕತ್ತರಿಯ ಅಲಗು ಅದರ ತಿರುಗಣೆ ಮೊಳೆಯಿಂದ ಅಳೆದರೆ ಅಮೆರಿಕದಲ್ಲಿ 4 ಇಂಚಿಗಿಂತ ಕಡಿಮೆ ಇರಬೇಕು, ಯುರೋಪ್ ಒಕ್ಕೂಟದಲ್ಲಿ 6 ಸೆಂ.ಮೀ. ದಾಟಬಾರದು. ಆದರೆ ಎಲ್ಲೇ ಹೋದರೂ ಕೊನೆಯ ಮಾತು ತಪಾಸಣೆಗೆ ನಿಂತವರದ್ದು, ಅವರ ಹತ್ತಿರ ವಾದ ಮಾಡಿ ಪ್ರಯೋಜನ ಇಲ್ಲ.

ಬಟ್ಟೆ ಕತ್ತರಿಸುವ ರೋಟರಿ ಕಟರ್ ಕೈಚೀಲಕ್ಕೆ ಬೇಡವೇ ಬೇಡ. ಕುತ್ತಿಗೆಗೆ ಪದಕದ ಹಾಗೆ ನೇತುಹಾಕುವ ದಾರ ಕತ್ತರಿಸುವ ಬಿಲ್ಲೆಯೂ ಬೇಡ, ಅದರೊಳಗೆ ಬ್ಲೇಡ್ ಇರುತ್ತೆ. ನಾನು ಬೆಲೆಬಾಳುವ ಲೋಹದ ಕಡ್ಡಿ ಮನೆಯಲ್ಲಿ ಬಿಟ್ಟು ಬಿದಿರಿನದು ಒಯ್ಯುತ್ತೇನೆ, ಸ್ಟಿಚ್ ಕೂಡ ಅದರಲ್ಲಿ ಕಡಿಮೆ ಜಾರುತ್ತೆ. ಮೇಲೆ ಹೇಳಿದ ಲೈಫ್‌ಲೈನನ್ನು ಹಿಂದಿನ ರಾತ್ರಿಯೇ ಹಾಕಿರುತ್ತೇನೆ. ಕಡ್ಡಿ ತೆಗೆದಿಡಿ ಅಂದರೂ ಹೆಣೆದದ್ದು ಉಳಿಯುತ್ತೆ.

ಪ್ರಶ್ನೆ: ಪುಸ್ತಕದಲ್ಲಿ ಹೇಳಿದಷ್ಟೇ ಸ್ಟಿಚ್ ಹಾಕಿದರೂ ನನ್ನ ಸ್ವೆಟರ್ ಪ್ರತಿ ಸಲ ಬಿಗಿಯಾಗುತ್ತೆ ಮೇಡಂ. ಒಂದು ತೋಳು ಊರಿಗೆ ಹೋದಾಗ ಹೆಣೆದೆ, ಅದು ಇನ್ನೂ ಸಣ್ಣ ಆಯ್ತು. ಯಾಕೆ?

ಮಾದರಿ ತುಂಡು ಹೆಣೆದು ನೋಡಿರಲಿಕ್ಕಿಲ್ಲ ಅನಿಸುತ್ತೆ. ಬೇಸರದ ಕೆಲಸ ನಿಜ, ಆದರೆ ಲೆಕ್ಕ ನೋಡಿ. ಪುಸ್ತಕದವರ ಕೈಯಲ್ಲಿ 10 ಸೆಂ.ಮೀ.ಗೆ 20 ಸ್ಟಿಚ್ ಬಂದರೆ 200 ಸ್ಟಿಚ್‌ಗೆ ಎದೆ ಸುತ್ತಳತೆ 100 ಸೆಂ.ಮೀ. ನಿಮ್ಮ ಕೈ ಸ್ವಲ್ಪ ಬಿಗಿ, 22 ಬರುತ್ತೆ ಅಂದುಕೊಳ್ಳಿ. ಅದೇ 200 ಸ್ಟಿಚ್ ಈಗ ಬರೀ 91 ಸೆಂ.ಮೀ. ಎರಡೇ ಎರಡು ಸ್ಟಿಚ್ ವ್ಯತ್ಯಾಸ, 9 ಸೆಂ.ಮೀ. ಹೋಯ್ತು!

15 ಸೆಂ.ಮೀ. ಚೌಕ ಹೆಣೆಯಿರಿ. ಸ್ವೆಟರ್ ಒಗೆಯುವ ಹಾಗೇ ಅದನ್ನೂ ಒಗೆದು ಒಣಗಿಸಿ, ಅಂಚು ಬಿಟ್ಟು ನಡುವಿನ 10 ಸೆಂ.ಮೀ. ಎಣಿಸಿ. ಸ್ಟಿಚ್ ಜಾಸ್ತಿ ಬಂದರೆ ಒಂದು ನಂಬರ್ ದಪ್ಪ ಕಡ್ಡಿ ಹಿಡಿಯಿರಿ. ಕೈ ಸಡಿಲ ಬಿಡೋಕೆ ಪ್ರಯತ್ನ ಮಾಡಬೇಡಿ, ಅರ್ಧ ಗಂಟೆಯಲ್ಲಿ ಕೈ ತನ್ನ ಹಳೇ ಬಿಗಿಗೇ ಬರುತ್ತೆ.

ತೋಳಿನ ಮಾತಿಗೆ ಬಂದರೆ, ಬಸ್ಸು ಕುಲುಕುತ್ತಿದ್ದರೆ ಭುಜ ಬಿಗಿಯಾಗುತ್ತೆ, ದಾರವೂ ಬಿಗಿಯಾಗುತ್ತೆ. ಅದಕ್ಕೇ ಅಳತೆ ಕೂಡಲೇಬೇಕಾದ ತುಂಡುಗಳನ್ನು ಒಂದು ಮನೆಯಲ್ಲಿ, ಒಂದು ದಾರಿಯಲ್ಲಿ ಹೆಣೆಯಬೇಡಿ. ಎರಡು ತೋಳನ್ನೂ ಒಂದೇ ಉದ್ದನೆಯ ಕಡ್ಡಿ ಮೇಲೆ ಎರಡು ಉಂಡೆಯಿಂದ ಒಟ್ಟಿಗೆ ಹೆಣೆದರೆ ಈ ತೊಂದರೆಯೇ ಇಲ್ಲ.

ಪ್ರಶ್ನೆ: ನನ್ನದು ಹೆಣಿಗೆ ಅಲ್ಲ, ಕೌದಿ. ಅಷ್ಟು ದೊಡ್ಡದನ್ನು ಚೀಲದಲ್ಲಿ ಒಯ್ಯೋಕಾಗುತ್ತಾ? ಹೊಲಿಗೆ ಯಂತ್ರವೂ ಇರಲ್ಲ.

ಖಂಡಿತ ಆಗುತ್ತೆ, ಅಂಗೈ ಅಗಲದ ಡಬ್ಬಿಯಲ್ಲಿ! ಕಾಗದದ ಅಚ್ಚಿಟ್ಟು ಹೊಲಿಯುವ ಪದ್ಧತಿ ನಿಮಗಾಗಿಯೇ ಇರುವಂಥದ್ದು. ಸ್ವಲ್ಪ ಗಟ್ಟಿ ಕಾಗದದಲ್ಲಿ ಆರು ಮೂಲೆಯ ತುಂಡುಗಳನ್ನು ಕತ್ತರಿಸಿ, ಪ್ರತಿ ಬದಿ 1 ಇಂಚು. ಬಟ್ಟೆಯನ್ನು ಅದಕ್ಕಿಂತ ಸುತ್ತಲೂ ಕಾಲು ಇಂಚು ದೊಡ್ಡದಾಗಿ ಕತ್ತರಿಸಿಕೊಳ್ಳಿ. ಇಷ್ಟು ತಲೆಯ ಕೆಲಸ ಮನೆಯಲ್ಲಿ.

ಇನ್ನು ದಾರಿಯಲ್ಲಿ. ಕಾಗದವನ್ನು ಬಟ್ಟೆಯ ಹಿಂಬದಿಗೆ ನಡುವೆ ಇಟ್ಟು, ಒಂದು ಬದಿ ಮಡಚಿ ಬೆರಳ ತುದಿಯಿಂದ ಒತ್ತಿ. ಮುಂದಿನ ಬದಿ ಮಡಚಿದಾಗ ಮೂಲೆಯಲ್ಲಿ ಸಣ್ಣ ನೆರಿಗೆ ಬರುತ್ತೆ, ಅದರ ಮೇಲೊಂದು ಕಚ್ಚಾ ಹೊಲಿಗೆ. ಹೀಗೇ ಆರೂ ಮೂಲೆ. ಆಮೇಲೆ ಎರಡು ತುಂಡುಗಳ ಮುಖಕ್ಕೆ ಮುಖ ಇಟ್ಟು ಅಂಚುಗಳನ್ನು ಜೋಡಿಸಿ ಸುತ್ತು ಹೊಲಿಗೆ ಹಾಕಿ. ಸೂಜಿ ಬಟ್ಟೆಯ ಎರಡು ಮೂರು ಎಳೆ ಮಾತ್ರ ಹಿಡಿಯಬೇಕು, ಕಾಗದವನ್ನು ಚುಚ್ಚಬಾರದು. ಸೂಜಿ ತುದಿ ಕಾಗದದ ಅಂಚಿಗೆ ಸವರಿಕೊಂಡು ಹೋಗುವಾಗ ಬೆರಳಿಗೇ ಗೊತ್ತಾಗುತ್ತೆ, ನನಗಂತೂ ಆ ಸ್ಪರ್ಶ ತುಂಬಾ ಇಷ್ಟ. ನಡುವೆ ಒಂದು, ಸುತ್ತ ಆರು ಸೇರಿದರೆ ಒಂದು ಹೂವು. ಒಂದು ತುಂಡಿನ ಸುತ್ತಲೂ ಬೇರೆ ತುಂಡು ಸೇರಿದ ಮೇಲೆ ಅದರ ಕಾಗದ ತೆಗೆದು ಮತ್ತೆ ಬಳಸಬಹುದು.

ಆತುರ ಬೇಡ. 36ಕ್ಕೆ 45 ಇಂಚಿನ ಮಗುವಿನ ಕೌದಿಗೇ ಇಂಥ 600ಕ್ಕೂ ಜಾಸ್ತಿ ತುಂಡು ಬೇಕು. ಅಂದರೆ ವರ್ಷದ ಪ್ರಯಾಣಗಳೆಲ್ಲ ಒಂದೇ ಕೌದಿಯಲ್ಲಿ ಸೇರುತ್ತವೆ, ಯಾವ ಹೂವು ಯಾವ ದಾರಿಯಲ್ಲಿ ಹೊಲಿದದ್ದು ಅಂತ ನೋಡಿದ ಕೂಡಲೇ ನೆನಪಾಗುತ್ತೆ.

ಪ್ರಶ್ನೆ: ಅಪ್ಪ ತೀರಿಕೊಂಡು ಒಂದು ವರ್ಷ. ಅವರ ಅಂಗಿಗಳಿಂದ ಕೌದಿ ಮಾಡಬೇಕು ಅಂತಿದೆ, ಆದರೆ ಕತ್ತರಿ ಹಿಡಿದರೆ ಕೈ ಬರುತ್ತಿಲ್ಲ.

ಹಾಗಾದರೆ ಇವತ್ತು ಕತ್ತರಿಸಬೇಡಿ. ಮೊದಲು ಅಂಗಿಗಳನ್ನೆಲ್ಲ ನೆಲದ ಮೇಲೆ ಹರಡಿ ನೋಡಿ. ಒಂದನ್ನು ಹಾಗೇ ಎತ್ತಿಡಿ, ಅದಕ್ಕೆ ಕತ್ತರಿ ತಾಗೋದು ಬೇಡ. ಒಂದು ಉಳಿದಿದೆ ಅನ್ನೋ ಧೈರ್ಯಕ್ಕೇ ಉಳಿದವುಗಳ ಮೇಲೆ ಕೈ ಓಡುತ್ತೆ.

ಅಮೆರಿಕದ ಅಲಬಾಮಾದಲ್ಲಿ ಗೀಸ್ ಬೆಂಡ್ ಅನ್ನೋ ಸಣ್ಣ ಊರಿದೆ. ಅಲ್ಲಿನ ಕಪ್ಪು ಹೆಣ್ಣುಮಕ್ಕಳು ಹೊಲದಲ್ಲಿ ದುಡಿದು ಸವೆದ ಪ್ಯಾಂಟು, ಅಂಗಿಗಳಿಂದ ಕೌದಿ ಹೊಲಿಯುತ್ತಿದ್ದರು. 2002ರಲ್ಲಿ ಅವು ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂ ಗೋಡೆ ಮೇಲೆ ನೇತಾಡಿದವು. ಮೊಣಕಾಲಿನ ಹತ್ತಿರ ಬಣ್ಣ ಮಾಸಿದ್ದು, ಜೇಬು ಬಿಚ್ಚಿದ ಜಾಗದಲ್ಲಿ ಕಡು ನೀಲಿ ಉಳಿದದ್ದು, ಎಲ್ಲ ಹಾಗೇ ಕಾಣುತ್ತೆ. ಆ ಗುರುತುಗಳೇ ಅವುಗಳ ಚೆಂದ. ನೀವೂ ಅಪ್ಪನ ಅಂಗಿಯ ಜೇಬು, ಗುಂಡಿ ಪಟ್ಟಿ ಬಿಚ್ಚಿ ಎಸೆಯಬೇಡಿ, ತುಂಡಿನೊಳಗೇ ಬರಲಿ.

ಕತ್ತರಿಸುವ ಮುಂಚೆ ಎಲ್ಲ ಒಗೆಯಿರಿ. ಕಡು ಬಣ್ಣದ ಬಟ್ಟೆಯನ್ನು ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ, ಬಣ್ಣ ಬಿಡುವಂಥದ್ದು ಬೇಡ. ಕಾಲರ್, ಮೊಣಕೈ ಸವೆದಿರುತ್ತೆ, ಬೆನ್ನಿನ ಬಟ್ಟೆ ಗಟ್ಟಿ. ಟೀ ಶರ್ಟ್ ಹಿಗ್ಗುತ್ತೆ, ಹಿಂದೆ ಇಸ್ತ್ರಿಗೆ ಅಂಟುವ ತೆಳು ಬಟ್ಟೆ ಹಾಕಿ. ಕಾಲು ಇಂಚಿನ ಹೊಲಿಗೆ ಅಂಚನ್ನು ಎಲ್ಲೂ ಬದಲಿಸಬೇಡಿ. ಸಾಲಿಗೆ 12 ತುಂಡು ಅಂದರೆ 11 ಹೊಲಿಗೆ, ಪ್ರತಿ ತುಂಡಿನ ಅಂಚು 1 ಮಿ.ಮೀ. ಜಾಸ್ತಿ ಹಿಡಿದರೂ ಸಾಲು 2 ಸೆಂ.ಮೀ.ಗೂ ಹೆಚ್ಚು ಗಿಡ್ಡ ಆಗುತ್ತೆ, ಪಕ್ಕದ ಸಾಲಿಗೆ ಕೂಡುವುದಿಲ್ಲ. ಕೊನೆಗೆ ಕೆಳಗಿನ ಬಟ್ಟೆ, ನಡುವಿನ ಹತ್ತಿ ಪದರ ಎರಡೂ ಮೇಲಿನದಕ್ಕಿಂತ ಸುತ್ತಲೂ 10 ಸೆಂ.ಮೀ. ದೊಡ್ಡದಿರಲಿ. ನಡುವಿನಿಂದ ಹೊರಕ್ಕೆ ಸವರುತ್ತಾ ಕಚ್ಚಾ ಹೊಲಿಗೆ ಹಾಕಿ, ಸುಕ್ಕು ಬರಲ್ಲ. ಈ ಹಂತದಲ್ಲಿ ಮನೆಯವರನ್ನು ಕರೆದು ಕೂರಿಸಿಕೊಳ್ಳಿ. ಒಬ್ಬರೇ ಮಾಡುವ ಕೆಲಸ ಅಲ್ಲ ಅದು.

ಪ್ರಶ್ನೆ: ಹೆಣೆದರೆ ಹೆಬ್ಬೆರಳ ಬುಡ ನೋಯುತ್ತೆ.

20 ನಿಮಿಷಕ್ಕೊಮ್ಮೆ ಕೆಳಗಿಟ್ಟು ಕೈ ಚಾಚಿ. ಭಾರದ ಕೆಲಸ ಕಡ್ಡಿ ಮೇಲೆ ನೇತಾಡದೆ ತೊಡೆ ಮೇಲೆ ಇರಲಿ. ಬೆರಳು ಜೋಮು ಹಿಡಿದರೆ, ರಾತ್ರಿಯೂ ನೋವಿದ್ದರೆ ಹೆಣಿಗೆ ನಿಲ್ಲಿಸಿ ವೈದ್ಯರ ಹತ್ತಿರ ಹೋಗಿ.

ಪ್ರಶ್ನೆ: ಅರ್ಧಕ್ಕೆ ಬಿಟ್ಟ ಆರು ಕೆಲಸ ಬೀರುವಿನಲ್ಲಿವೆ. ನೋಡಿದಾಗಲೆಲ್ಲ ಮನಸ್ಸಿಗೆ ಚುಚ್ಚುತ್ತೆ. ಹೊಸದು ಶುರು ಮಾಡೋಕೂ ಮನಸ್ಸಾಗಲ್ಲ.

ಆರನ್ನೂ ಮಂಚದ ಮೇಲೆ ಹಾಕಿ ಒಂದೊಂದಾಗಿ ಕೈಗೆತ್ತಿಕೊಳ್ಳಿ. ಇದರಲ್ಲಿ ತಲೆಯ ಕೆಲಸ ಬಾಕಿಯೋ, ಕೈಯ ಕೆಲಸವೋ? ಬಹಳ ಸಲ ಒಂದು ಸಣ್ಣ ಲೆಕ್ಕಕ್ಕೆ, ಕುತ್ತಿಗೆ ಎಷ್ಟು ಇಳಿಸಬೇಕು ಅನ್ನೋದಕ್ಕೆ ನಿಂತಿರುತ್ತೆ. ಒಂದು ಭಾನುವಾರ ಕೂತು ಅದನ್ನು ಬಗೆಹರಿಸಿದರೆ ಉಳಿದದ್ದು ಪ್ರಯಾಣದ ಚೀಲಕ್ಕೆ ಸಿದ್ಧ.

ಇನ್ನು ಇಷ್ಟವೇ ಇಲ್ಲದ್ದು ಒಂದೆರಡು ಇದ್ದೇ ಇರುತ್ತೆ, ಅಲ್ವಾ? ಅದನ್ನು ಬಿಚ್ಚಿ. ಪಾಪ ಅನ್ನಿಸಬಾರದು, ಉಣ್ಣೆ ದಾರ ಹಾಳಾಗುವುದಿಲ್ಲ. ಬಿಚ್ಚಿದ ದಾರವನ್ನು ಕುರ್ಚಿಯ ಬೆನ್ನಿಗೆ ಸಡಿಲವಾಗಿ ಸುತ್ತಿ, ನಾಲ್ಕು ಕಡೆ ಬೇರೆ ದಾರದಿಂದ ಕಟ್ಟಿ ತೆಗೆಯಿರಿ. ಉಗುರು ಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಉಜ್ಜದೆ ಟವೆಲ್ಲಿನಲ್ಲಿ ಒತ್ತಿ ನೀರು ತೆಗೆದು ನೆರಳಲ್ಲಿ ನೇತುಹಾಕಿ. ಒಣಗುವಷ್ಟರಲ್ಲಿ ಸುರುಳಿ ಸುರುಳಿಯಾಗಿದ್ದ ದಾರ ನೆಟ್ಟಗಾಗಿರುತ್ತೆ, ಉಂಡೆ ಸುತ್ತಿ ಇಟ್ಟುಕೊಳ್ಳಿ.